ಚಿಕ್ಕಮ್ಮನ ಒಂದೇ ಒಂದು ಜೇಡ

ಅರಸೀಕೆರೆಯ ನಮ್ಮ ಚಿಕ್ಕಮ್ಮನ ಮನೆಯಲ್ಲಿ ಫ್ರಿಜ್ಜಿನ ಬಾಗಿಲನ್ನು ತಾವಾಗಿ ತೆರೆಯುವ ಧೈರ್ಯ ನೆಂಟರಲ್ಲಿ ಯಾರಿಗೂ ಇಲ್ಲ. ಬೇಲೂರಿನ ಅತ್ತೆ ಒಮ್ಮೆ ಮೊಸರನ್ನಕ್ಕೆ ನಂಚಿಕೊಳ್ಳಲು ಏನಾದರೂ ಸಿಕ್ಕೀತೆಂದು ಹುಡುಕಿ, ಪುಟ್ಟ ಶೀಶೆಯೊಂದನ್ನು ಹಸಿಮೆಣಸುಕಾಳಿನ ಉಪ್ಪಿನಕಾಯಿ ಎಂದು ಎತ್ತಿಕೊಂಡರು. ಕಾಳಿಗೆ ಎಂಟು ಕಾಲಿದ್ದವು! ಊಟ ಬಿಟ್ಟು ಸಿಕ್ಕಿದ ಬಸ್ಸಿಗೇ ಬೇಲೂರು ಸೇರಿದರು. ಚಿಕ್ಕಮ್ಮನಿಗೂ ಬೇಸರವಾಯಿತು, ಶೀಶೆ ಕುಲುಕಾಡಿತಲ್ಲ ಎಂದು.

ಕಾಲೇಜಿನಲ್ಲಿ ಪ್ರಾಣಿಶಾಸ್ತ್ರ ಕಲಿಸುವ ಆಕೆಗೆ ಜೇಡವೆಂದರೆ ಪ್ರಾಣ; ಸಿಕ್ಕಿದ್ದನ್ನೆಲ್ಲ ಸ್ಪಿರಿಟ್ ತುಂಬಿದ ಶೀಶೆಯಲ್ಲಿ ಅದ್ದಿ ಫ್ರಿಜ್ಜಿನಲ್ಲಿಡುತ್ತಾಳೆ. ಮಾಲೇಕಲ್ಲು ಬೆಟ್ಟಕ್ಕೆ ಎಲ್ಲರೂ ದೇವರ ದರ್ಶನಕ್ಕೆ ಹತ್ತಿದರೆ, ಈಕೆ ದಾರಿಪಕ್ಕದಲ್ಲಿ ಮಂಡಿಯೂರಿ ಕಲ್ಲು ಎತ್ತಿ ನೋಡುತ್ತಾಳೆ. ಏನೋ ಹರಕೆಯಿರಬೇಕೆಂದು ಅಜ್ಜಿಯೊಬ್ಬರು ಪಕ್ಕದಲ್ಲೇ ಮಂಡಿಯೂರಿ ಕೈಮುಗಿದದ್ದೂ ಉಂಟು.

ಅಲ್ಲಿ ಸಿಕ್ಕಿದ ಜೇಡವೊಂದು ಯಾವ ಪುಸ್ತಕದಲ್ಲೂ ಇರಲಿಲ್ಲ. ಹೊಸ ಪ್ರಭೇದವೆಂದು ಪುಣೆಯ ತಜ್ಞರೂ ಒಪ್ಪಿದರು. ಆದರೆ ಹೆಸರಿಡಬೇಕಾದರೆ ಅದನ್ನು ಆ ಹೆಸರಿನ ಮೂಲ ಮಾದರಿಯೆಂದು ಅಲ್ಲಿನ ಸಂಗ್ರಹಾಲಯಕ್ಕೆ ಒಪ್ಪಿಸಬೇಕು. ಮುಂದೆ ಯಾರಿಗೆ ಅನುಮಾನ ಬಂದರೂ ಅದರ ಜೊತೆಗೇ ಹೋಲಿಸಿ ನೋಡಬೇಕು. ಎಷ್ಟು ವರ್ಷ ಹುಡುಕಿದರೂ ಇನ್ನೊಂದು ಸಿಕ್ಕಿರಲಿಲ್ಲ. ಕೊರಿಯರಿಗೆ ಕೊಡೋಣವೆಂದ ಚಿಕ್ಕಪ್ಪನ ಜೊತೆ ಮಾತು ಬಿಟ್ಟಳು. ನನ್ನನ್ನು ಕರೆದುಕೊಂಡು ತಾನೇ ಪುಣೆಯ ರೈಲು ಹತ್ತಿದಳು.

ಶೀಶೆ ಮಡಿಲಿನಿಂದ ಇಳಿಯಲಿಲ್ಲ. ಎದುರು ಕೂತಿದ್ದ ಕೊಬ್ಬರಿ ವ್ಯಾಪಾರಿ, ಅದೇನು ಔಷಧಿಯೇ ಎಂದು ಕೇಳಿದರು.

"ಜೇಡ ಕಣ್ರೀ. ಈ ಜಾತೀಲಿ ಇಲ್ಲೀವರೆಗೆ ಕಂಡಿರೋದು ಇದೊಂದೇ."

ಅವರು ಸ್ವಲ್ಪ ಹೊತ್ತು ಅದನ್ನೇ ನೋಡಿದರು. ಆಮೇಲೆ ಎದ್ದು, ಎಲ್ಲಿ ಶೀಶೆಯ ಮೇಲೆ ಜಾರಿ ಬೀಳುತ್ತದೋ ಎಂದು ಮೇಲಿನ ಬರ್ತಿನಲ್ಲಿದ್ದ ತಮ್ಮ ಕೊಬ್ಬರಿ ಚೀಲವನ್ನು ಕೆಳಗಿಳಿಸಿ ಸೀಟಿನಡಿ ತಳ್ಳಿದರು.

ಸಂಗ್ರಹಾಲಯದ ಒಳಕೋಣೆಗೆ ಹೋದಾಗ ನನ್ನ ನಗೆಯೆಲ್ಲ ಇಳಿದುಹೋಯಿತು. ಸಾಲುಸಾಲು ಕಪಾಟುಗಳು. ನಮ್ಮಜ್ಜ ಹುಟ್ಟುವ ಮೊದಲೇ ಸತ್ತ ಚೇಳುಗಳು, ಜೀರುಂಡೆಗಳು. ಒಂದೊಂದಕ್ಕೂ ಮೂಲ ಮಾದರಿಯೆಂಬ ಕೆಂಪು ಚೀಟಿ. ಎಲ್ಲೆಲ್ಲೋ ಹರಿದಾಡುತ್ತಿರುವ ತನ್ನ ಕುಲದವರೆಲ್ಲರ ಹೆಸರನ್ನು ಹೊತ್ತು ಆ ಒಂದೊಂದು ಜೀವವೂ ಸುಮ್ಮನೆ ಕೂತಿತ್ತು. ನೋಡಿದರೆ, ನನಗೇ ತಿಳಿಯದೆ ಚಪ್ಪಲಿಯನ್ನು ಬಾಗಿಲಲ್ಲಿ ಬಿಟ್ಟುಬಂದಿದ್ದೆ!

ಉಸ್ತುವಾರಿಯವರು ಹುಬ್ಬಳ್ಳಿ ಕಡೆಯವರು. ಶೀಶೆಗೆ ಕೈಚಾಚಿದರು. ಚಿಕ್ಕಮ್ಮ ಕೊಡಲಿಲ್ಲ.

"ಒಳಗಡೆ ಕತ್ತಲೆ ಇರುತ್ತೆ ತಾನೆ?" ಎಂದು ಕೇಳಿದಳು. "ಕಲ್ಲಡೀಲಿ ಇದ್ದದ್ದು ಇದು. ಬೆಳಕು ಆಗಲ್ಲ ಇದಕ್ಕೆ."

ಸತ್ತು ವರ್ಷಗಳಾದ ಜೇಡ! ಆದರೂ ಅವರು ನಗಲಿಲ್ಲ. ಕಪಾಟಿನ ಬಾಗಿಲನ್ನು ಒಮ್ಮೆ ಪೂರ್ತಿ ಮುಚ್ಚಿ ತೋರಿಸಿದರು.

"ಒಂಚೂರೂ ಬೆಳಕು ಬರಂಗಿಲ್ರೀ ಅಕ್ಕಾರ."

ಆಮೇಲೆ ಚಿಕ್ಕಮ್ಮ ಶೀಶೆಯನ್ನು ಎರಡೂ ಕೈಯಲ್ಲಿ ಹಿಡಿದು ಕೊಟ್ಟಳು.