ಖಾತೆ ತೆರೆಯುವಷ್ಟು ಸ್ಪ್ಯಾನಿಷ್

ಬ್ಯಾಂಕಿನಲ್ಲಿ ಕೆಲಸ ಮಾಡುವವರಿಗೆ ನಗುವ ಪ್ರಸಂಗಗಳಿಗೆ ಬರವಿಲ್ಲ. ದಿನಕ್ಕೊಂದು ನಡೆದೇ ನಡೆಯುತ್ತದೆ. ಆದರೆ ಹದಿನೆಂಟು ವರ್ಷ ಕೌಂಟರಿನ ಒಳಗೆ ಕೂತು ಹೊರಗಿನವರನ್ನು ನೋಡಿ ನಕ್ಕವಳು ನಾನು. ಒಂದು ಸಲ ಹೊರಗೆ ನಿಲ್ಲುವ ಸರದಿ ಬಂದಾಗ ಇಷ್ಟು ವರ್ಷದ ನಗುವನ್ನೆಲ್ಲ ಬಡ್ಡಿ ಸಮೇತ ಕಟ್ಟಬೇಕಾಯಿತು.

ನಮ್ಮನಿಯವರು ತೊಗರಿ, ಕಡಲೆಗೆ ಬರುವ ನೆಟೆ ರೋಗದ ಮೇಲೆ ಸಂಶೋಧನೆ ಮಾಡುವವರು. ಸ್ಪೇನ್ ದೇಶದ ಒಂದು ಸಣ್ಣ ಊರಿನಿಂದ ಅವರಿಗೆ ಒಂದು ವರ್ಷದ ಮಟ್ಟಿಗೆ ಕರೆ ಬಂತು. ನಾನೂ ಸಂಬಳವಿಲ್ಲದ ರಜೆ ಹಾಕಿ ಜೊತೆಗೆ ಹೊರಡುವುದೆಂದಾಯಿತು. ಬಾಡಿಗೆಗೆ ಒಂದು ಮನೆಯೂ ಸಿಕ್ಕಿತು, ಅಂಗಳದಲ್ಲಿ ನಿಂಬೆ ಗಿಡ ಇರುವ ಮನೆ. ಫೋಟೊ ನೋಡಿದ ದಿನವೇ ಮನಸ್ಸಿನಲ್ಲಿ ನಾನು ಆ ಅಂಗಳದಲ್ಲಿ ಹಪ್ಪಳ ಒಣಗಿಸಿಬಿಟ್ಟಿದ್ದೆ. ಆದರೆ ಮನೆಯ ಒಡತಿಯದು ಒಂದು ಕರಾರು. ಬಂದ ವಾರದ ಶುಕ್ರವಾರದೊಳಗೆ ಆ ಊರಿನ ಬ್ಯಾಂಕಿನಲ್ಲಿ ಗಂಡ ಹೆಂಡತಿ ಇಬ್ಬರ ಹೆಸರಲ್ಲಿ ಜಂಟಿ ಖಾತೆ ತೆರೆದು ತೋರಿಸಿದರೆ ಕೀಲಿ, ಇಲ್ಲವಾದರೆ ಮನೆ ಬೇರೆಯವರಿಗೆ. ಆ ಬ್ಯಾಂಕಿನಲ್ಲಿ ಇಂಗ್ಲಿಷ್ ಬರುವವರು ಯಾರೂ ಇಲ್ಲ ಎಂದೂ ಬರೆದಿದ್ದಳು.

“ಬ್ಯಾಂಕಂದ್ರ ನಿನ್ನ ಖಾತೆ. ನನಗ ಗೊತ್ತಿಲ್ಲಪಾ,” ಎಂದು ನಮ್ಮನಿಯವರು ಕೈ ತೊಳೆದುಕೊಂಡರು. ಹೀಗೆ ನಾಲ್ಕು ತಿಂಗಳಲ್ಲಿ ಖಾತೆ ತೆರೆಯುವಷ್ಟು ಸ್ಪ್ಯಾನಿಷ್ ಕಲಿಯುವ ಹೊಣೆ ನನ್ನ ತಲೆಗೆ ಬಿತ್ತು.

ಬೇಕಾದ ವಾಕ್ಯಗಳು

ಮೊಬೈಲಿನ ವಿಡಿಯೊ ಕಾಲ್‌ನಲ್ಲಿ ಪಾಠ ಹೇಳುವ ಟೀಚರ್ ಸಿಕ್ಕಳು. ಬೆಂಗಳೂರಿನ ಹುಡುಗಿ, ಬಲು ಚುರುಕು. ಮೊದಲ ದಿನವೇ, “ವ್ಯಾಕರಣ ಆಮೇಲೆ ನೋಡೋಣ ಮೇಡಂ. ಬ್ಯಾಂಕಲ್ಲಿ ನಿಮಗೆ ಯಾವ ಯಾವ ವಾಕ್ಯ ಬೇಕಾಗತ್ತೆ, ಪಟ್ಟಿ ಮಾಡಿ ಕಳಿಸಿ,” ಅಂದಳು.

ಬ್ಯಾಂಕಿನಲ್ಲಿ ಯಾವ ಮಾತು ಬೇಕಾಗುತ್ತದೆಂದು ನನಗೆ ಬೇರೆಯವರು ಹೇಳಬೇಕೇ? ಹತ್ತೇ ನಿಮಿಷದಲ್ಲಿ ಬರೆದು ಕಳಿಸಿದೆ. ಮೂರನೇ ಕೌಂಟರಿಗೆ ಹೋಗಿ. ನಿಮ್ಮ ಸಹಿ ತಾಳೆ ಆಗುತ್ತಿಲ್ಲ. ಎರಡು ಫೋಟೊ, ಒಂದು ಝೆರಾಕ್ಸ್ ತನ್ನಿ. ಸರ್ವರ್ ಡೌನ್ ಇದೆ. ಗದ್ದಲ ಮಾಡಬೇಡಿ. ಊಟ ಆದ ಮೇಲೆ ಬನ್ನಿ.

ಮರುದಿನ ಟೀಚರ್ ಪಟ್ಟಿಯನ್ನು ಮೇಲಿಂದ ಕೆಳಗೆ, ಕೆಳಗಿಂದ ಮೇಲೆ ಓದಿದಳು. ಆಮೇಲೆ ಬಹಳ ಮರ್ಯಾದೆಯಿಂದ ಕೇಳಿದಳು, “ಮೇಡಂ, ನೀವು ಅಲ್ಲಿ ಖಾತೆ ತೆರೆಯೋಕೆ ಹೋಗ್ತಿದ್ದೀರೋ, ಶಾಖೆ ತೆರೆಯೋಕೋ?”

ಬಸ್ಸಿನ ಸಹಪಾಠಿ

ನಾನಿರುವುದು ಕಲಬುರಗಿಯಲ್ಲಿ, ನನ್ನ ಬ್ಯಾಂಕಿರುವುದು ಕಮಲಾಪುರದಲ್ಲಿ. ಬೆಳಗಿನ ಬಸ್ಸಿನಲ್ಲಿ ಸೀಟು ಸಿಕ್ಕರೆ ಕಿವಿಗೆ ಇಯರ್‌ಫೋನ್ ಸಿಕ್ಕಿಸಿ ಅಭ್ಯಾಸ. ಮೊಬೈಲ್ ಒಂದು ವಾಕ್ಯ ಹೇಳಬೇಕು, ನಾನು ಅದನ್ನೇ ತಿರುಗಿ ಹೇಳಬೇಕು. ಕಿವಿ ಮುಚ್ಚಿಕೊಂಡವರಿಗೆ ತಮ್ಮ ದನಿ ಎಷ್ಟು ದೊಡ್ಡದೆಂದು ಗೊತ್ತಾಗುವುದಿಲ್ಲವಲ್ಲ. “ಕಿಯೇರೊ ಅಬ್ರಿರ್ ಉನಾ ಕ್ವೆಂತಾ,” ಅಂದರೆ ‘ಒಂದು ಖಾತೆ ತೆರೆಯಬೇಕು’ ಎಂದು ಇಡೀ ಬಸ್ಸಿಗೆ ಕೇಳುವಂತೆ ಬೇಡುತ್ತಿದ್ದೆನಂತೆ.

ಪಕ್ಕದಲ್ಲಿ ದಿನಾ ಕೂಡುತ್ತಿದ್ದವಳು ಒಬ್ಬ ಬಳೆಗಾರ್ತಿ. ಕಲಬುರಗಿಯ ಪೇಟೆಯಲ್ಲಿ ಬಳೆ ಕೊಂಡು ಕಮಲಾಪುರದ ಓಣಿಗಳಲ್ಲಿ ಮಾರುವವಳು. ಬಳೆಯ ಪೆಟ್ಟಿಗೆ ತೊಡೆಯ ಮೇಲಿಟ್ಟುಕೊಂಡು ಕಣ್ಣು ಮುಚ್ಚಿ ಕೂಡುತ್ತಿದ್ದಳು. ಪಾಪ, ಮಲಗಿದ್ದಾಳೆ ಅಂದುಕೊಂಡಿದ್ದೆ.

ಒಂದು ದಿನ ಮೊಬೈಲ್ ನನಗೆ ಪರೀಕ್ಷೆ ಇಟ್ಟಿತು. ಖಾತೆ ಹೇಳಿದೆ, ಹಣ ಹೇಳಿದೆ, ಕಾರ್ಡು ಹೇಳಿದೆ. ‘ಸಹಿ’ ಅನ್ನುವಲ್ಲಿ ಮಾತ್ರ ನಾಲಗೆ ನಿಂತುಬಿಟ್ಟಿತು. “ಸಹಿ... ಸಹಿಗೆ ಏನಂತಾರಪಾ...” ಎಂದು ಒದ್ದಾಡುತ್ತಿದ್ದೆ.

ಬಳೆಗಾರ್ತಿ ಕಣ್ಣು ತೆರೆಯದೇ ಹೇಳಿದಳು, “ಫಿರ್ಮಾ.”

ನಾನು ಇಯರ್‌ಫೋನ್ ಕಿತ್ತು ಅವಳನ್ನೇ ನೋಡಿದೆ.

“ಹಂಗ್ಯಾಕ ನೋಡ್ತೀರಿ ಬಾಯಾರ? ತಿಂಗಳಾತು, ದಿನಾ ಅದನ್ನೇ ಒದರಲತ್ತೀರಿ. ನಾ ಹೆಬ್ಬೆಟ್ಟಿನಾಕಿ, ನನಗ ಬಂತು. ಸಹಿ ಮಾಡೋ ನೌಕರಿ ನಿಮ್ದು, ನಿಮಗ ಬರವಲ್ದಲ್ಲ!”

ಅವಳ ಖಾತೆ ಇರುವುದು ನಮ್ಮ ಶಾಖೆಯಲ್ಲೇ. ಅದೇ ವಾರ ಹಣ ತೆಗೆಯಲು ಬಂದವಳು ಸಾಲಿನ ತುದಿಯಿಂದಲೇ ಕೂಗಿದಳು, “ಬಾಯಾರ, ಸ್ವಲ್ಪ ದಿನೇರೊ ಕೊಡ್ರಿ. ಫಿರ್ಮಾ ಬರಂಗಿಲ್ಲ, ಹೆಬ್ಬೆಟ್ಟು ಒತ್ತತೀನಿ.” ನಮ್ಮ ಮ್ಯಾನೇಜರ್ ಕ್ಯಾಬಿನ್ನಿನಿಂದ ತಲೆ ಹೊರಗೆ ಹಾಕಿ, “ಇದ್ಯಾವ ಹೊಸ ಸರ್ಕಾರಿ ಯೋಜನೆ ರೀ?” ಅಂದರು.

ಅಟೆಂಡರನ ಆಡಳಿತ

ಬಾಯಿಪಾಠವೇನೋ ಆಯಿತು. ಆದರೆ ಎದುರಿಗೆ ಒಬ್ಬ ಅಧಿಕಾರಿಯನ್ನು ಕೂಡಿಸಿಕೊಂಡು ಮಾತಾಡದೇ ಧೈರ್ಯ ಬರುವುದಿಲ್ಲ ಎಂದು ಟೀಚರ್ ಹೇಳಿದಳು. ಮ್ಯಾನೇಜರರಿಗೆ ಪುರುಸೊತ್ತಿಲ್ಲ, ಕ್ಯಾಷಿಯರನಿಗೆ ನಾಚಿಕೆ. ಕೊನೆಗೆ ಒಪ್ಪಿದವನು ನಮ್ಮ ಅಟೆಂಡರ್. ಮೂವತ್ತು ವರ್ಷದಿಂದ ಫೈಲು ಹೊತ್ತವನು, ನಿವೃತ್ತಿಗೆ ಒಂದೇ ವರ್ಷ ಬಾಕಿ.

ಸಂಜೆ ಗಿರಾಕಿಗಳೆಲ್ಲ ಹೋದ ಮೇಲೆ ಅವನು ನನ್ನ ಕುರ್ಚಿಯಲ್ಲಿ ಕೂತ. ನಾನು ಹೊರಗೆ ನಿಂತೆ. ಅವನಿಗೆ ಐದು ಶಬ್ದ ಕಲಿಸಿದ್ದೆ: ನಮಸ್ಕಾರ, ಪಾಸ್‌ಪೋರ್ಟು, ಸಹಿ, ಧನ್ಯವಾದ, ಮತ್ತು ‘ಮಾನ್ಯಾನಾ’. ಕೊನೆಯದರ ಅರ್ಥ ‘ನಾಳೆ’.

ನಾನು ಬಾಗಿ ನಮಸ್ಕಾರ ಮಾಡಿ, ಒಂದು ಖಾತೆ ತೆರೆಯಬೇಕಿತ್ತು ಅಂದೆ. ಅಟೆಂಡರ್ ಕನ್ನಡಕ ಏರಿಸಿದ. ನನ್ನ ಕಾಗದಗಳನ್ನು ಬೆರಳಿಗೆ ಎಂಜಲು ಹಚ್ಚಿ ತಿರುವಿದ. ಗೋಡೆಯ ಗಡಿಯಾರ ನೋಡಿದ. “ಮಾನ್ಯಾನಾ,” ಅಂದು ಕಾಗದ ವಾಪಸು ತಳ್ಳಿದ.

ಎರಡನೇ ದಿನವೂ ಮಾನ್ಯಾನಾ. ಮೂರನೇ ದಿನ ಚಹಾ ಕುಡಿಯುತ್ತ, ನನ್ನ ಕಡೆ ನೋಡದೇ ಮಾನ್ಯಾನಾ. ಐದನೇ ದಿನ ನನಗೆ ಸಿಟ್ಟು ಬಂತು. “ಏನ್ರಿ, ಐದು ಶಬ್ದ ಕಲಿಸೀನಿ, ಒಂದೇ ಹಿಡಕೊಂಡು ಕುಂತೀರಲ್ಲ? ಉಳಿದವು ಯಾವಾಗ ಹೇಳ್ತೀರಿ?”

ಅವನು ಎದ್ದು ನನಗೆ ಕುರ್ಚಿ ಬಿಟ್ಟುಕೊಟ್ಟು ಶಾಂತನಾಗಿ ಹೇಳಿದ, “ಮೇಡಂರಿ, ಮೂವತ್ತು ವರ್ಷ ನಿಮ್ಮೆಲ್ಲರ ಹಿಂದ ನಿಂತು ನೋಡೀನ್ರಿ. ಇದೊಂದು ಬಂದ್ರ ಸಾಕ್ರಿ, ಬ್ಯಾಂಕ್ ನಡೀತದ.”

ಖಾಲಾ ಕೊಟ್ಟ ಪ್ರಮಾಣಪತ್ರ

ಬ್ಯಾಂಕಿನ ಶಬ್ದಗಳ ಹುಮ್ಮಸ್ಸಿನಲ್ಲಿ ಮನೆಯ ಸಾಮಾನಿಗೂ ಚೀಟಿ ಅಂಟಿಸಿದೆ. ಪಕ್ಕದ ಮನೆಯ ಖಾಲಾ ಬಿರಿಯಾನಿಯ ಡಬ್ಬಿ ಕೊಡಲು ಬಂದವರು ನಿಂತು ನೋಡಿದರು.

“ಅರೆ ಬೇಟಿ, ಮೇಜಿಗೆ ಇದೇನು ಚಿಟ್ಠಿ?”

“ಸ್ಪ್ಯಾನಿಷ್ ರೀ ಖಾಲಾ. ಮೇಜಿಗೆ ಮೇಸಾ ಅಂತಾರ, ಅಂಗಿಗೆ ಕಮೀಸಾ, ಸಬಕಾರಕ್ಕ ಹಾಬೋನ್.”

“ಮೇಜ್, ಕಮೀಜ್, ಸಾಬುನ್... ಯೆ ತೊ ಹಮಾರೆಚ್ ಹೈ ನಾ, ಎಲ್ಲಾ ನಮ್ಮವೇ ಅವ!” ಖಾಲಾ ಡಬ್ಬಿಯನ್ನು ಆ ಮೇಸಾದ ಮೇಲೆಯೇ ಕುಕ್ಕಿದರು. “ಇದಕ್ಕ ಫೀಸ್ ಕೊಟ್ಟು ಕಲೀಲತ್ತಿಯೇನು? ನನಗ ಕೇಳಿದ್ರ ಮುಫತ್ ಹೇಳ್ತಿದ್ದೆ.” ಸ್ವಲ್ಪ ಯೋಚಿಸಿ ಕೇಳಿದರು, “ಬ್ಯಾಡ ಅನ್ನಾಕ ಅಲ್ಲಿ ಏನಂತಾರ?”

“ನೋ ಅಂತಾರ ರೀ.”

“ನಮ್ದು ನಕ್ಕೋ.” ಖಾಲಾ ತಲೆದೂಗಿದರು. “ಅರ್ಧ ಹೋಗಿ ಮುಟ್ಟ್ಯಾದ. ಉಳಿದ ಅರ್ಧ ನೀ ಹೋಗಿ ಕಲಿಸಿ ಬಾ.”

ಆ ಶುಕ್ರವಾರ

ಸ್ಪೇನ್ ಮುಟ್ಟಿದ್ದು ಸೋಮವಾರ. ಆಫೀಸಿನ ಕಾಗದಪತ್ರಗಳಲ್ಲೇ ಗುರುವಾರ ಮುಗಿಯಿತು. ಉಳಿದದ್ದು ಶುಕ್ರವಾರ ಒಂದೇ. ಬ್ಯಾಂಕು ಮುಚ್ಚುವುದು ಮಧ್ಯಾಹ್ನ ಎರಡಕ್ಕೆ.

ಕೌಂಟರಿನಲ್ಲಿ ನನ್ನದೇ ವಯಸ್ಸಿನ ಹೆಣ್ಣುಮಗಳು. ನಾನು ನನ್ನ ವಾಕ್ಯ ಹೇಳಿದೆ. ಅವಳಿಗೆ ತಿಳಿಯಿತು! ಅವಳು ಕೇಳಿದ್ದು ನನಗೂ ತಿಳಿಯಿತು! ಪಾಸ್‌ಪೋರ್ಟು, ವಿಳಾಸ, ಕೆಲಸದ ಪತ್ರ, ಸಹಿ, ಒಂದೊಂದೇ ದಾಟುತ್ತ ಹೋದೆವು. ನಮ್ಮನಿಯವರು ಪಕ್ಕದ ಕುರ್ಚಿಯಲ್ಲಿ ಕೂತು, ತಾವೇ ಕಲಿಸಿದವರ ಹಾಗೆ ತಲೆಯಾಡಿಸುತ್ತಿದ್ದರು.

ಕೊನೆಗೆ ಅವಳು ಕೀಬೋರ್ಡು ಬಿಟ್ಟು ನಮ್ಮ ಕಡೆ ತಿರುಗಿದಳು. ಜಂಟಿ ಖಾತೆಯಾದ್ದರಿಂದ ಒಬ್ಬರು ಇನ್ನೊಬ್ಬರ ಹೆಸರನ್ನು ಬಾಯಿಬಿಟ್ಟು ಹೇಳಬೇಕಂತೆ. ಇಬ್ಬರೂ ತಿಳಿದು, ಒಪ್ಪಿ ಬಂದಿದ್ದೇವೆಂದು ಅವಳಿಗೆ ಖಾತ್ರಿಯಾಗಬೇಕಂತೆ. ಮೊದಲು ನಮ್ಮನಿಯವರ ಕಡೆ ಪೆನ್ನು ತೋರಿಸಿದಳು. ಅವರು ಶಾಲೆಯಲ್ಲಿ ಹಾಜರಿ ಕೂಗುವವರಂತೆ ನನ್ನ ಹೆಸರು ಒದರಿದರು. ಪೆನ್ನು ನನ್ನ ಕಡೆ ತಿರುಗಿತು.

ನಮ್ಮ ಕಡೆ ಹೆಂಡತಿ ಗಂಡನ ಹೆಸರನ್ನು ಬರಿದೇ ಹೇಳುವ ರೂಢಿಯಿಲ್ಲ. ಹೇಳಲೇಬೇಕಾದರೆ ಒಡಪು ಹಾಕಬೇಕು, ಅಂದರೆ ಪ್ರಾಸ ಕಟ್ಟಿ ಅದರ ನಡುವೆ ಹೆಸರನ್ನು ಬಚ್ಚಿಟ್ಟು ಹೇಳಬೇಕು. ಹತ್ತೊಂಬತ್ತು ವರ್ಷದ ಸಂಸಾರದಲ್ಲಿ ಆ ಹೆಸರನ್ನು ಫಾರಂಗಳ ಮೇಲೆ ಎಷ್ಟೋ ಸಲ ಬರೆದಿದ್ದೇನೆ. ಬಾಯಿಂದ ಹೇಳಿದ್ದು ಒಂದೇ ಸಲ, ಮದುವೆಯಾಗಿ ಹೊಸ್ತಿಲು ದಾಟುವಾಗ ನಾದಿನಿಯರು ಅಡ್ಡ ನಿಂತರೆಂದು. ನಾನು ಎಂ.ಕಾಂ. ಓದಿದವಳು, ಇದನ್ನೆಲ್ಲ ನಂಬುವವಳಲ್ಲ. ನಾಲಗೆ ಓದಿರಲಿಲ್ಲ, ಅದು ನಂಬುತ್ತಿತ್ತು.

“ಬರೆದು ಕೊಡಲೇ?” ಅಂದೆ. ಬೇಡ, ಹೇಳಬೇಕು ಅಂದಳು. ನಮ್ಮನಿಯವರು ಬಾಯಿ ತೆರೆಯಹೋದರು. ಅವಳು ಪೆನ್ನೆತ್ತಿ ತಡೆದಳು.

“ಏ, ಹೇಳಿಬಿಡು. ನಮ್ಮವ್ವ ಇಲ್ಲಿಲ್ಲ,” ಎಂದು ಅವರು ಪಿಸುಗುಟ್ಟಿದರು.

“ಸುಮ್ಮಕಿರ್ರಿ. ಬಾಯಿಗೇ ಬರವಲ್ದು.”

“ನಿಂಬಿ ಗಿಡ ಹೋಗ್ತದ ನೋಡು!”

ಅವಳು ನನ್ನ ಮುಖ ನೋಡಿದಳು, ಅವರ ಮುಖ ನೋಡಿದಳು. ಈ ಹೆಂಗಸಿಗೆ ಈ ಗಂಡಸು ಯಾರೆಂದೇ ಗೊತ್ತಿಲ್ಲ ಎಂದು ಅವಳು ತೀರ್ಮಾನಿಸಿದ್ದು ನನಗೆ ಕಾಣಿಸಿತು. ನಮ್ಮ ಕಾಗದಗಳನ್ನು ಒಟ್ಟುಮಾಡಿ ಕ್ಲಿಪ್ಪು ಹಾಕತೊಡಗಿದಳು. ಗಡಿಯಾರದಲ್ಲಿ ಒಂದೂವರೆ.

ಆಗ ನಾನು ಎದ್ದು ನಿಂತೆ. ಸೆರಗು ಹೊದ್ದುಕೊಂಡೆ. ನಾಲ್ಕು ತಿಂಗಳು ಕಲಿತ ಶಬ್ದಗಳನ್ನೆಲ್ಲ ಒಂದು ಸಲ ತಡಕಾಡಿದೆ.

“ಎನ್ ಎಲ್ ಬಾಂಕೊ, ಕ್ವೆಂತಾ; ಎನ್ ಲಾ ಕಾಸಾ, ಯಾವೆ;
ಮಿ ಮರೀದೊ ಎಸ್ ........, ಆಓರಾ ಉಸ್ತೆದ್ ಲೊ ಸಾವೆ!”

ಬ್ಯಾಂಕಿಗೆ ಖಾತೆ, ಮನೆಗೆ ಕೀಲಿ, ನನ್ನ ಗಂಡ ಇಂಥವರು, ಈಗ ನಿಮಗೂ ತಿಳಿಯಿತು! ಚುಕ್ಕಿ ಇಟ್ಟಲ್ಲಿ ಹೆಸರಿತ್ತು. ನೀವು ಖಾತೆ ತೆರೆದು ಕೊಡುವವರಲ್ಲವಲ್ಲ, ನಿಮಗೇಕೆ?

ನಮ್ಮೂರಲ್ಲಿ ಗಂಡನ ಹೆಸರು ಹೇಳುವುದು ಹೀಗೆಯೇ ಎಂದು ಹರಕು ಮುರುಕು ಮಾತಿನಲ್ಲಿ ತಿಳಿಸಿದೆ. ತಿಳಿದದ್ದೇ ತಡ, ಅವಳು ಎರಡೂ ಕೈ ಕೆನ್ನೆಗಿಟ್ಟುಕೊಂಡು ನಕ್ಕಳು. ಒಳಗಿನಿಂದ ಮ್ಯಾನೇಜರನ್ನು ಕರೆದಳು, ಸಾಲಿನಲ್ಲಿ ನಿಂತವರನ್ನು ಹತ್ತಿರ ಕರೆದಳು, ನನ್ನಿಂದ ಮೂರು ಸಲ ಹೇಳಿಸಿದಳು. ಆಮೇಲೆ ಟಕಟಕ ಒತ್ತಿ, ಖಾತೆ ಸಂಖ್ಯೆಯ ಕಾಗದ ಮುದ್ರಿಸಿ ನನ್ನ ಕೈಗಿಟ್ಟಳು. ನಿಂಬೆ ಗಿಡ ನಮ್ಮದಾಯಿತು.

ಅಷ್ಟಕ್ಕೆ ಬಿಡಬಾರದೇ? ನಮ್ಮನಿಯವರ ಕಡೆ ತಿರುಗಿ, ನಿಮ್ಮ ಹೆಂಡತಿ ಇಷ್ಟು ಚಂದ ಹೇಳಿದಳು, ಈಗ ನೀವೂ ಅವಳ ಮೇಲೆ ಒಂದು ಹೇಳಿ ಎಂದಳು. ಮಾತು ತಿಳಿಯದಿದ್ದರೂ ಅವರಿಗೆ ಕೈಸನ್ನೆ ತಿಳಿಯಿತು. ಆದರೆ ಅವರು ಕಲಿತಿದ್ದ ಸ್ಪ್ಯಾನಿಷ್ ವಾಕ್ಯ ಒಂದೇ ಒಂದು, ಅದೂ ವಿಮಾನದಲ್ಲಿ, ಆಪತ್ತಿಗೆ ಇರಲಿ ಎಂದು: ‘ನೋ ಎಂತಿಯೆಂದೊ’. ಅಂದರೆ ‘ನನಗೆ ಅರ್ಥವಾಗುವುದಿಲ್ಲ’.

ಅವರು ಎದ್ದರು. ಅಂಗಿ ಎಳೆದು ಸರಿಮಾಡಿಕೊಂಡರು. ವಿಚಾರ ಸಂಕಿರಣದಲ್ಲಿ ಪ್ರಬಂಧ ಮಂಡಿಸುವವರ ಹಾಗೆ ಎದೆಯ ಮೇಲೆ ಕೈಯಿಟ್ಟು, ನನ್ನ ಕಡೆ ನೋಡಿ, ನನ್ನ ಹೆಸರನ್ನು ಬಹಳ ಅಕ್ಕರೆಯಿಂದ ಉಚ್ಚರಿಸಿದರು. ಒಂದು ಗಳಿಗೆ ತಡೆದು ಮುಗಿಸಿದರು:

“ನೋ ಎಂತಿಯೆಂದೊ.”

ಬ್ಯಾಂಕಿನ ಚಾವಣಿ ಹಾರಿಹೋಗುವಷ್ಟು ನಗೆ. ಗಂಡಸರೆಲ್ಲ ಚಪ್ಪಾಳೆ ಹೊಡೆದರು. ಸಾಲಿನಲ್ಲಿ ಹೆಂಡತಿಯ ಜೊತೆ ನಿಂತಿದ್ದ ಒಬ್ಬ ಮುದುಕ ಮಾತ್ರ ನಗಲಿಲ್ಲ. ಕೋಲೂರುತ್ತ ಬಂದು ನಮ್ಮನಿಯವರ ಕೈಯನ್ನು ಎರಡೂ ಕೈಯಲ್ಲಿ ಹಿಡಿದು, ಬಿಡಿಸಿ ಬಿಡಿಸಿ ಹೇಳಿದ. ನನಗೆ ಪ್ರತಿ ಶಬ್ದವೂ ಅರ್ಥವಾಯಿತು.

“ನನಗೂ ಅಷ್ಟೇ ತಮ್ಮಾ. ನಲವತ್ತೊಂದು ವರ್ಷ ಆಯಿತು.”