ಮಾವನ ಜೀಪಿಗೆ ಅಳಿಯನ ಟಯರು

ಮನೆಅಳಿಯನಾಗಿ ಬಂದವನಿಗೆ ಆ ಮನೆಯಲ್ಲಿ ತನ್ನದು ಅಂತ ಹೇಳಿಕೊಳ್ಳಲು ಏನಿರುತ್ತದೆ ಹೇಳಿ? ಹೆಂಡತಿ ಕೂಡ ಮೊದಲು ಆ ಮನೆಯ ಮಗಳು, ಆಮೇಲೆ ಇವನ ಹೆಂಡತಿ. ನಮ್ಮ ದರ್ಜಿಗೆ ಇದ್ದ ಸ್ವಂತ ಆಸ್ತಿ ಎಂದರೆ ಬೀದಿ ಕಡೆಯ ಕೋಣೆಯಲ್ಲಿದ್ದ ಹೊಲಿಗೆ ಯಂತ್ರ ಮತ್ತು ಕೊರಳಲ್ಲಿ ನೇತಾಡುವ ಅಳತೆ ಟೇಪು. ಆ ಟೇಪಿಗೂ ಮಾವ ಬದುಕಿದ್ದಷ್ಟು ಕಾಲ ಮರ್ಯಾದೆ ಸಿಗಲಿಲ್ಲ. ಮಾವ ಸರ್ವೆಯರು, ಗುಡ್ಡ, ಹಳ್ಳ, ಹೊಲ ಅಳೆದು ಕಲ್ಲು ನೆಟ್ಟು ಬಂದ ಮನುಷ್ಯ. "ನೆಲ ಅಳೆಯೋನಿಗೂ ನಡು ಅಳೆಯೋನಿಗೂ ವ್ಯತ್ಯಾಸ ಇದೆ ಕಣಪ್ಪಾ" ಎಂದು ಊಟಕ್ಕೆ ಕೂತಾಗಲೆಲ್ಲ ಹೇಳುತ್ತಿದ್ದರು. ಅಳಿಯ ತಲೆ ತಗ್ಗಿಸಿ ಅನ್ನ ಕಲಸುತ್ತಿದ್ದ.

ಚಳಿಗಾಲದ ಕೊನೆಯಲ್ಲಿ ಮಾವ ತೀರಿಕೊಂಡರು. ಹಾಗೆ ಹಂಗಿಸುವ ಜನ ಇಲ್ಲವಾದ ಮೇಲೆ ಅಳಿಯ ನೆಮ್ಮದಿಯಾಗಿರಬೇಕಿತ್ತು. ಆದರೆ ಆ ಮನೆಯಲ್ಲಿ ನೆಮ್ಮದಿ ಎಲ್ಲಿತ್ತು? ಹೆಂಡತಿ ಗುಂಡಿ ಹೊಲಿಯುತ್ತಾ ಹೊಲಿಯುತ್ತಾ ಸೂಜಿ ಹಿಡಿದುಕೊಂಡು ಗೋಡೆ ನೋಡುತ್ತಿದ್ದಳು. ನಗುವುದನ್ನಂತೂ ಪೂರ್ತಿ ಬಿಟ್ಟಿದ್ದಳು. ಬೈಯುವುದನ್ನೂ ಕಡಿಮೆ ಮಾಡಿದ್ದಳು, ದರ್ಜಿಗೆ ಭಯ ಹುಟ್ಟಿಸಿದ್ದು ಅದು.

ಇನ್ನು ಅತ್ತೆ. ಈ ಮಹಾತಾಯಿ ಮಗಳ ಮದುವೆಯಾದ ದಿನದಿಂದ ಅಳಿಯನ ಜೊತೆ ನೇರವಾಗಿ ಒಂದು ಮಾತೂ ಆಡಿದವರಲ್ಲ. ಅವನು ಎದುರಿಗೇ ಕೂತಿದ್ದರೂ "ನಿನ್ನ ಗಂಡನಿಗೆ ಚಹಾ ಬೇಕಾ ಕೇಳು" ಎಂದು ಮಗಳಿಗೆ ಹೇಳುವುದು. ಮಗಳು "ಬೇಕಂತೆ" ಎನ್ನುವುದು. (ಬೇಡ ಎನ್ನಲು ಅವನಿಗೆ ಅವಕಾಶವೇ ಸಿಕ್ಕಿರಲಿಲ್ಲ.) ಗಂಡ ಹೋದ ಮೇಲೆ ಆ ಅಲ್ಪಸ್ವಲ್ಪ ಮಾತೂ ನಿಂತಿತು. ಸಂಜೆಯಾದರೆ ಹೊರಗೆ ಬಂದು, ಮನೆ ಮುಂದೆ ನಿಂತಿದ್ದ ಮಾವನ ಹಳೇ ಜೀಪಿನ ಕಂಬಿ ಹಿಡಿದು, ಪಾವಟಿಗೆಯ ಮೇಲೆ ಕಾಲಿಟ್ಟು ಹತ್ತಿ, ಎಡಗಡೆ ಸೀಟಿನಲ್ಲಿ ಕೂರುತ್ತಿದ್ದರು. ಬಲಗಡೆಯ ಡ್ರೈವರ್ ಸೀಟು ಖಾಲಿ. ಕತ್ತಲಾಗುವಾಗ ಇಳಿದು ಒಳಗೆ ಬರುತ್ತಿದ್ದರು. ದಿನದಲ್ಲಿ ಅವರು ತಾವಾಗಿ ಮಾಡುತ್ತಿದ್ದದ್ದು ಅದೊಂದೇ ಕೆಲಸ.

ಹೀಗಿರುವಾಗ ಒಂದು ದಿನ ಹೆಂಡತಿ ಕಣ್ಣೊರೆಸಿಕೊಳ್ಳುತ್ತಾ ಅಂಗಡಿ ಕೋಣೆಗೆ ಬಂದಳು.

"ರೀ, ಅಮ್ಮ ಗುಡ್ಡದ ಕಲ್ಲು ನೋಡ್ಬೇಕಂತೆ."

"ಯಾವ ಕಲ್ಲು?"

"ಅಪ್ಪ ಕೆಲಸಕ್ಕೆ ಸೇರಿದಾಗ ಮೊದಲು ನೆಟ್ಟಿದ್ದು. ಪ್ರತಿ ವರ್ಷ ಇಬ್ರೂ ಹೋಗಿ ಅಲ್ಲಿ ಬುತ್ತಿ ಬಿಚ್ಚಿ ತಿಂದು ಬರ್ತಿದ್ರು. ಏರು ಬಂದ್ರೆ ಅಮ್ಮ ಹೆದರ್ಕೊಂಡು ಕಣ್ಣು ಮುಚ್ಕೊಳ್ಳೋದು, 'ಕಲ್ಲು ಬಂತಾ, ಕಲ್ಲು ಬಂತಾ' ಅಂತ ಕೇಳ್ತಾ ಇರೋದು, ಅಪ್ಪ 'ಬಂತು' ಅಂದ್ಮೇಲೇ ಕಣ್ಣು ಬಿಡೋದು. ಈಗ ಗುಡ್ಡಾನ ಕಲ್ಲುಗಣಿಯವರು ತಗೊಂಡಿದಾರಂತೆ. ಈ ತಿಂಗಳು ಕಳೆದ್ರೆ ದಾರಿ ಮುಚ್ತಾರೆ, ಆಮೇಲೆ ಕಲ್ಲೂ ಇಲ್ಲ, ಗುಡ್ಡಾನೂ ಇಲ್ಲ. ಅಪ್ಪ ಹೋದ್ಮೇಲೆ ಅಮ್ಮ ಬಾಯ್ಬಿಟ್ಟು ಕೇಳಿದ್ದು ಇದೊಂದೇ ರೀ."

ದರ್ಜಿಯ ಎದೆ ಉಬ್ಬಿತು. ಈ ಮನೆಯಲ್ಲಿ ಇವನಿಂದ ಯಾರೂ ಏನನ್ನೂ ಕೇಳಿದ್ದಿಲ್ಲ. ಆದರೆ ಉಬ್ಬಿದ ಎದೆ ಹಾಗೇ ಇಳಿಯಿತು. ಆ ದಾರಿ ಅವನಿಗೆ ಗೊತ್ತಿತ್ತು. ಒಮ್ಮೆ ಮಾವನ ಜೊತೆ ಹೋದಾಗ ಜೀಪಿನ ಹೊಟ್ಟೆ ಬಂಡೆಯ ಮೇಲೆ ಕೂತುಬಿಟ್ಟು, ನಾಲ್ಕು ಚಕ್ರದ ಗಾಡಿ ನಾಲ್ಕೂ ಚಕ್ರ ಗಾಳಿಯಲ್ಲಿ ತಿರುಗಿಸಿತ್ತು. (ಮಾವ ಆ ದಾರಿಯಲ್ಲಿ ನೂರು ಸಲ ಹೋಗಿ ಬಂದಿದ್ದರು. ಆ ಒಂದು ದಿನ ಮಾತ್ರ ಸ್ಟೀರಿಂಗ್ ಅಳಿಯನ ಕೈಯಲ್ಲಿತ್ತು. ಈ ಅಂಶವನ್ನು ದರ್ಜಿ ಅಷ್ಟಾಗಿ ಒತ್ತಿ ಹೇಳುವುದಿಲ್ಲ.)

ಹಿತ್ತಿಲಿಗೆ ಹೋಗಿ ಯೋಚನೆಗೆ ಕೂತ. ಹಿತ್ತಿಲಲ್ಲಿ ನಾಲ್ಕು ದೊಡ್ಡ ಹಳೇ ಟಯರುಗಳನ್ನು ಅಡ್ಡ ಮಲಗಿಸಿ, ಮಣ್ಣು ತುಂಬಿ, ಅತ್ತೆ ಗುಲಾಬಿ ಬೆಳೆಸಿದ್ದರು. ಅದರಲ್ಲೊಂದರ ಅಂಚಿನ ಮೇಲೆ ಕೂತು ಚಹಾ ಕುಡಿಯುವುದು ಅವನ ಅಭ್ಯಾಸ. ಚಹಾ ಮುಗಿಯುವ ಹೊತ್ತಿಗೆ ಐಡಿಯಾ ಹೊಳೆಯಿತು. ಹೊಟ್ಟೆ ಬಂಡೆಗೆ ತಾಗುತ್ತದೆ ಎಂದರೆ ಗಾಡಿ ಕುಳ್ಳು. ಕುಳ್ಳಗಿದ್ದವರು ಏನು ಮಾಡುತ್ತಾರೆ? ಎತ್ತರದ ಬೂಟು ಹಾಕುತ್ತಾರೆ. ದೊಡ್ಡ ಟಯರು!

ತಕ್ಷಣ ಟೇಪು ಹಿಡಿದು ಜೀಪಿನ ಮುಂದೆ ಮಂಡಿಯೂರಿದ. ಟಯರಿಗೂ ಮೇಲಿನ ಮಡ್‌ಗಾರ್ಡಿಗೂ ನಡುವೆ ಎಷ್ಟು ಜಾಗ! ಒಂದು ಗೇಣು. "ಇಷ್ಟೊಂದು ಲೂಸು ಬಿಟ್ಟು ಹೊಲಿದವನು ಯಾವನೋ" ಎಂದುಕೊಂಡ. ನಾಲ್ಕೂ ಕಡೆ ಅಳೆದ, ಎರಡೆರಡು ಸಲ ಅಳೆದ, ಬಳಪದಿಂದ ಗುರುತು ಹಾಕಿದ. ಅಳತೆಯಲ್ಲಿ ತಪ್ಪು ಹುಡುಕುವ ಹಾಗೇ ಇರಲಿಲ್ಲ. ಜೀಪು ಮಾತ್ರ ಖಾಲಿ ಇತ್ತು, ಚಕ್ರಗಳು ನೆಟ್ಟಗೆ ಮುಂದಕ್ಕೆ ನೋಡುತ್ತಿದ್ದವು.

ಇದೇ ದರ್ಜಿ ಪ್ಯಾಂಟಿನ ಅಳತೆ ಕೊಡಲು ಬಂದವರಿಗೆ ದಿನಕ್ಕೆ ಹತ್ತು ಸಲ ಏನು ಹೇಳುತ್ತಾನೆ ಗೊತ್ತೇ? "ಸ್ವಾಮಿ, ನಿಂತಿದ್ದು ಸಾಕು. ಒಂದ್ಸಲ ಕೂತ್ಕೊಳ್ಳಿ. ಕಾಲು ಮಡಚಿ. ಹಾಂ, ಈ ಕಡೆ ತಿರುಗಿ. ನಿಂತು ಅಳತೆ ಕೊಟ್ಟು ಕೂತಾಗ ಹರ್ಕೊಂಡ್ರೆ ನನ್ನ ಕೇಳ್ಬೇಡಿ." ಊರಿಗೆಲ್ಲ ಹೇಳುವವನಿಗೆ ತನ್ನ ಜೀಪಿಗೆ ಅದನ್ನು ಹೇಳಬೇಕೆಂದು ಹೊಳೆಯಲಿಲ್ಲ. ಗ್ರಹಚಾರ ಎಂದರೆ ಹೀಗೇ ಬರುವುದು.

ಟಯರಂಗಡಿ ಅದೇ ಬೀದಿಯ ಆ ತುದಿಯಲ್ಲಿತ್ತು. ಬೀದಿ ಉದ್ದಕ್ಕೆ ನೇರ. ಗಂಡ ಹೆಂಡತಿ ಇಬ್ಬರೂ ಹೋದರು. ಅಂಗಡಿಯವನು ಯಾವಾಗಲೂ ಯಾರೋ ಈಗಷ್ಟೇ ತೀರಿಹೋದವರ ಮನೆಯಿಂದ ಬಂದವನ ಹಾಗೆ ಮುಖ ಮಾಡಿಕೊಂಡಿರುತ್ತಿದ್ದ.

"ಇದಕ್ಕಿಂತ ಒಂದು ಸೈಜು ದೊಡ್ಡದು ಕೂತ್ಕೊಳ್ಳುತ್ತೆ," ಎಂದ ಅವನು ನಿಟ್ಟುಸಿರು ಬಿಟ್ಟು. "ಎರಡು ಸೈಜು ಬೇಕಂದ್ರೆ ಜೀಪಿನ ಮೈ ಎತ್ತರಿಸ್ಬೇಕು. ಸ್ಪ್ರಿಂಗು ಬದಲಾಯಿಸ್ಬೇಕು. ನಿಮ್ದು ಎತ್ತರಿಸಿಲ್ಲ."

"ನಾನು ಅಳೆದಿದ್ದೀನಿ," ಎಂದ ದರ್ಜಿ ಟೇಪು ತೋರಿಸಿ.

"ಅಳೆದಿದ್ರೆ ಸರಿ."

"ಒಂದೇ ಸೈಜು ದೊಡ್ಡದು ಹಾಕಿಸ್ರೀ," ಎಂದಳು ಹೆಂಡತಿ. "ಅವ್ರು ಹೇಳ್ತಿದಾರಲ್ಲ. ಮೂಗಿಗಿಂತ ಮೂಗುತಿ ಭಾರ ಆಗ್ಬಾರ್ದು."

"ಬಂಡೆ ನೀನು ನೋಡಿದ್ದೀಯಾ? ನಾನು ನೋಡಿದ್ದೀನಿ. ಅರ್ಧಂಬರ್ಧ ಮಾಡಿ ಮತ್ತೆ ಅಲ್ಲೇ ಸಿಕ್ಕಾಕ್ಕೊಂಡ್ರೆ ನಿಮ್ಮಮ್ಮನ್ನ ಹೊತ್ಕೊಂಡು ಬರೋರು ಯಾರು?"

ಅವಳು ಅಂಗಡಿಯವನ ಕಡೆ ತಿರುಗಿದಳು. "ಅಲ್ಲಾ, ಎರಡು ಸೈಜು ದೊಡ್ಡದು ಹಾಕಿದ್ರೆ ಗಾಡಿ ಓಡುತ್ತಾ?"

"ನೇರ ರಸ್ತೇಲಿ ಏನೂ ತೊಂದರೆ ಇಲ್ಲಮ್ಮಾ."

ಈ ವಾಕ್ಯದಲ್ಲಿ ಅಡಗಿದ್ದ ಪ್ರಪಂಚವನ್ನು ದರ್ಜಿ ಕೇಳಿಸಿಕೊಳ್ಳಲಿಲ್ಲ. ಅವನು ಆಗಲೇ ಗೋಡೆಗೆ ಒರಗಿಸಿದ್ದ ಒಂದು ಟಯರನ್ನು ಸವರುತ್ತಿದ್ದ. ಅದರ ಮೈಮೇಲೆ ಹೆಬ್ಬೆರಳು ಮುಳುಗುವಷ್ಟು ಆಳದ ಹಲ್ಲುಗಳಿದ್ದವು. ಅಂಥದ್ದೇ ನಾಲ್ಕು ಹಾಕಿಸಿದ. ಹಳೆಯದನ್ನು ಅಲ್ಲೇ ಬಿಟ್ಟುಬಂದ.

ಮನೆಗೆ ಬರುವಾಗ ನೇರ ರಸ್ತೆಯಲ್ಲಿ ಜೀಪು ಮದುಮಗನ ಹಾಗೆ ಬಂತು. ಮನೆ ಮುಂದೆ ಪಕ್ಕಕ್ಕೆ ತೆಗೆಯುವಾಗ ಒಂದು ಸಲ 'ಜರಕ್' ಎಂದಿತು. ಹೊಸ ಚಪ್ಪಲಿಯೂ ಮೊದಲು ಶಬ್ದ ಮಾಡುತ್ತದೆ ಎಂದು ದರ್ಜಿ ಸಮಾಧಾನ ಮಾಡಿಕೊಂಡ. ಅತ್ತೆ ಜಗುಲಿಯ ಮೇಲೆ ನಿಂತು ಟಯರುಗಳನ್ನು ಬಹಳ ಹೊತ್ತು ನೋಡಿದರು. ಏನೋ ಹೇಳಲು ಬಾಯಿ ತೆರೆದರು. ಆಚೀಚೆ ನೋಡಿದರು. ಮಗಳು ಹಿತ್ತಿಲಲ್ಲಿ ಬಟ್ಟೆ ಹರವುತ್ತಿದ್ದಳು. ಬಾಯಿ ಮುಚ್ಚಿಕೊಂಡು ಒಳಗೆ ಹೋದರು. ಮೆಚ್ಚಿಗೆಗೆ ಮಾತೇ ಹೊರಡಲಿಲ್ಲ ಎಂದು ಅಳಿಯ ಅರ್ಥ ಮಾಡಿಕೊಂಡ. ಅವತ್ತಿನಿಂದ ಸಂಜೆ ಹೊತ್ತು ಅವರು ಜೀಪಿನಲ್ಲಿ ಕೂರಲು ಬರಲಿಲ್ಲ, ಅದನ್ನೂ ಅವನು ಗಮನಿಸಲಿಲ್ಲ.

ತಿಂಗಳ ಕೊನೆಯ ಭಾನುವಾರ ಮೂವರೂ ಹೊರಟರು. ಅತ್ತೆ ಒಳ್ಳೆಯ ಬಟ್ಟೆ ಉಟ್ಟು, ಬುತ್ತಿಯ ಡಬ್ಬಿ ಎದೆಗವಚಿಕೊಂಡು ಬಂದರು. ಡಬ್ಬಿ ದೊಡ್ಡದು, ಮಾವನ ಜೊತೆ ಹೋಗುತ್ತಿದ್ದ ಕಾಲದ್ದು. ಕಂಬಿ ಹಿಡಿದರು. ಕಾಲೆತ್ತಿದರು. ಪಾವಟಿಗೆ ಸಿಗಲಿಲ್ಲ. ಇನ್ನೊಮ್ಮೆ ಎತ್ತಿದರು. ಬೆರಳುದ್ದ ಹೆಚ್ಚಾದ ಎತ್ತರಕ್ಕೆ ಮಂಡಿ ಒಪ್ಪಲಿಲ್ಲ. ಡಬ್ಬಿಯನ್ನು ನೆಲಕ್ಕಿಟ್ಟು ಸುಮ್ಮನೆ ನಿಂತರು. ಆ ನಿಂತದ್ದನ್ನು ನೋಡಿ ದರ್ಜಿ ಓಡಿಹೋಗಿ ಅಂಗಡಿಯ ಸ್ಟೂಲು ತಂದ. ಮಗಳು ಹಿಂದಿನಿಂದ ಒತ್ತಿ, ಅಳಿಯ ಸ್ಟೂಲು ಹಿಡಿದು, ಅಂತೂ ಆರೋಹಣ ಮಹೋತ್ಸವ ಮುಗಿಯಿತು. ಮಗಳು ಹಿಂದೆ ಕೂತಳು. ನೀರಿನ ಕ್ಯಾನು, ಹಗ್ಗ, ಗುದ್ದಲಿ, ಎಲ್ಲಾ ಏರಿದವು. ಜೀಪು ತನ್ನ ಸ್ಪ್ರಿಂಗಿನ ಮೇಲೆ ನಿಧಾನ ಕೂತುಕೊಂಡಿತು. ದರ್ಜಿ ನೋಡಿದ್ದ ಗೇಣು ಜಾಗದಲ್ಲಿ ಎಷ್ಟು ಉಳಿದಿತ್ತೋ ದೇವರಿಗೇ ಗೊತ್ತು.

ಬೀದಿ ಮುಗಿದಲ್ಲಿ ಎಡಕ್ಕೆ ತಿರುಗಬೇಕು. ಪ್ರಪಂಚದ ಯಾವ ಕಡೆಗೆ ಹೋಗಬೇಕಾದರೂ ಅಲ್ಲಿ ತಿರುಗಲೇಬೇಕು. ದರ್ಜಿ ಸ್ಟೀರಿಂಗ್ ತಿರುಗಿಸಿದ. 'ಕರಕರಕರ ಜರ್ರ್' ಎಂದು ಹಲ್ಲುಟಯರು ಮಡ್‌ಗಾರ್ಡನ್ನು ಕಚ್ಚಿಕೊಂಡಿತು. ಹಿಂದೆ ತೆಗೆದ. ಮುಂದೆ ತಂದ. ಮತ್ತೆ ಕಚ್ಚಿತು. ಏನೋ ಒಂದು ತುಂಡು ಕಳಚಿ ರಸ್ತೆಗೆ ಬಿತ್ತು.

"ರೀ, ಏನದು ಬಿದ್ದಿದ್ದು?"

"ಬೇಡದಿದ್ದದ್ದು."

"ತಿರುಗ್ತಾ ಇಲ್ವಾ?"

"ತಿರುಗುತ್ತೆ, ಸ್ವಲ್ಪ ನಾಚಿಕೆ ಅದಕ್ಕೆ."

"ನಾಚಿಕೆ ಇರ್ಬೇಕಾದೋರಿಗೆ ಇಲ್ಲ!"

ಹಿಂದಿನಿಂದ ಹಾರ್ನುಗಳು ಶುರುವಾದವು. ಕಿಟಕಿಗಳು ತೆರೆದವು. ಟಯರಂಗಡಿಯವನು ಮೂಲೆಯಲ್ಲೇ ನಿಂತು, ಯಾರದೋ ಅಂತ್ಯಕ್ರಿಯೆಗೆ ಬಂದವನಂತೆ ಕೈಕಟ್ಟಿ ನೋಡುತ್ತಿದ್ದ. ದರ್ಜಿ ಬೆವರೊರೆಸಿಕೊಂಡು ಕಿಟಕಿಯಿಂದ ತಲೆ ಹೊರಗೆ ಹಾಕಿ, ನನ್ನ ಹಳೇ ಟಯರು ಈಗಲೇ ಹಾಕಿಕೊಡು ಎಂದು ಕೂಗಿದ. "ಅವತ್ತೇ ಹೋದ್ವು. ಒಳ್ಳೇ ಟಯರು, ಯಾರು ಬಿಡ್ತಾರೆ?" ಎಂದು ಅವನು ತಲೆಯಾಡಿಸಿದ. ಚಿಕ್ಕ ಸೈಜು ತರಿಸಬೇಕಾದರೆ ಮುಂದಿನ ತಿಂಗಳಂತೆ. ಮುಂದಿನ ತಿಂಗಳಿಗೆ ಗುಡ್ಡದ ದಾರಿಯೇ ಇರುವುದಿಲ್ಲ. ಅತ್ತೆ ಮಡಿಲಲ್ಲಿದ್ದ ಡಬ್ಬಿಯ ಮುಚ್ಚಳವನ್ನು ಒತ್ತಿ ಒತ್ತಿ ಭದ್ರ ಮಾಡಿದರು.

ಬೀದಿಗೆ ಬೀದಿಯೇ ನೋಡುತ್ತಿದ್ದಂತೆ ದರ್ಜಿ ಜೀಪನ್ನು ರಿವರ್ಸಿನಲ್ಲೇ ಮನೆವರೆಗೂ ತಂದ. ನೇರ ರಸ್ತೆಯಲ್ಲಿ, ಅಂಗಡಿಯವನು ಹೇಳಿದಂತೆ, ಏನೂ ತೊಂದರೆಯಾಗಲಿಲ್ಲ.

ಎಂಜಿನ್ ನಿಂತ ಮೇಲೆ ಯಾರೂ ಇಳಿಯಲಿಲ್ಲ. ಆಗ ಅತ್ತೆ ಮುಂದಕ್ಕೇ ನೋಡುತ್ತಾ ಬಾಯಿಬಿಟ್ಟರು.

"ನಿನ್ನ ಗಂಡನಿಗೆ ಹೇಳು. ಅವರ ಮಾವನೂ ಇದನ್ನೇ ಮಾಡಿದ್ರು. ನೀನಾಗ ಹೊಟ್ಟೇಲಿದ್ದೆ."

"ಏನಮ್ಮಾ?"

"ಎರಡು ಸೈಜು ದೊಡ್ಡದು ತಂದು ಹಾಕಿಸಿದ್ರು. ಅದೇ ಮೂಲೇಲಿ ನಿಂತಿತ್ತು. ಹಿತ್ತಿಲಲ್ಲಿ ಗುಲಾಬಿ ಇರೋದು ಆ ಟಯರುಗಳಲ್ಲೇ. ಯಾರಿಗೂ ಹೇಳ್ಬೇಡ ಅಂತ ಆಣೆ ಹಾಕಿಸ್ಕೊಂಡಿದ್ರು."

ದಿನಾ ಕೂತು ಚಹಾ ಕುಡಿಯುತ್ತಿದ್ದ ಆಸನ, ಈ ದೊಡ್ಡ ಐಡಿಯಾ ಹೊಳೆದ ಪೀಠ, ಎಲ್ಲವೂ ದರ್ಜಿಯ ಕಣ್ಣ ಮುಂದೆ ಬಂತು.

"ಅಯ್ಯೋ ಅಮ್ಮಾ! ಹಾಕಿಸ್ಕೊಂಡು ಬಂದ ದಿನಾನೇ ಹೇಳೋದಲ್ವಾ?"

"ಹೇಳೋಣ ಅಂತಾನೇ ಬಂದೆ. ನೀನು ಬಟ್ಟೆ ಒಣಹಾಕ್ತಿದ್ದೆ."

ಹೆಂಡತಿ ಮೊದಲು ಕಣ್ಣರಳಿಸಿದಳು. ಆಮೇಲೆ ನಕ್ಕಳು. ಅಪ್ಪ ಹೋದ ಮೇಲಿನ ಮೊದಲ ನಗು. ಗುದ್ದಲಿ ಹಗ್ಗಗಳ ನಡುವೆ ಹೊಟ್ಟೆ ಹಿಡಿದುಕೊಂಡು ನಕ್ಕಳು, ನಗುನಗುತ್ತಲೇ "ಅಪ್ಪಾ" ಎಂದು ಅತ್ತಳು. ದರ್ಜಿ ಇಂಗು ತಿಂದ ಮಂಗನ ಹಾಗೆ ಸ್ಟೀರಿಂಗ್ ಹಿಡಿದು ಕೂತಿದ್ದ. ನೆಲ ಅಳೆದವರೂ ನಡು ಅಳೆದವನೂ ಒಂದೇ ಮೂಲೆಯಲ್ಲಿ ಸಿಕ್ಕಿಕೊಂಡರು ಎಂದು ಖುಷಿಪಡಬೇಕೋ ಏನೋ. ಖುಷಿಯಾಗಲಿಲ್ಲ. ಮುದುಕಿಯೊಬ್ಬಳು ಕೇಳಿದ್ದ ಒಂದೇ ಒಂದು ಆಸೆಯನ್ನು ತಾನು ಕೈಯಾರೆ ಕೆಡಿಸಿದೆ ಎಂದು ಅವನಿಗೆ ಸಂಕಟವಾಯಿತು. ಬುತ್ತಿಯನ್ನು ಮೂವರೂ ಅಡುಗೆಮನೆಯಲ್ಲಿ ಕೂತು ತಿಂದರು, ಅರ್ಧ ಉಳಿಯಿತು.

ತಿಂಗಳು ಕಳೆಯಿತು, ದಾರಿ ಮುಚ್ಚಿತು. ಸಂಜೆ ಹೊತ್ತು ದೂರದಲ್ಲಿ ಗಣಿಯ ಸಿಡಿಮದ್ದಿನ ಸದ್ದು ಕೇಳತೊಡಗಿತು. ಮೊದಲ ಸಿಡಿತ ಕೇಳಿದ ದಿನ ಅತ್ತೆ ಹೊರಗೆ ಬಂದು ಜೀಪಿನ ಪಕ್ಕ ನಿಂತರು. ದರ್ಜಿ ಹೊಲಿಯುತ್ತಿದ್ದ ಕೋಟನ್ನು ಬಿಟ್ಟು ಸ್ಟೂಲು ತಂದಿಟ್ಟ. ಹತ್ತಿಸಿದ. ಇಳಿಸಲೂ ತಾನೇ ಬೇಕಲ್ಲ, ಕೈಕಟ್ಟಿ ಅಲ್ಲೇ ನಿಂತ.

ಅತ್ತೆ ಕತ್ತೆತ್ತಿ ಕಾಂಪೌಂಡ್ ಗೋಡೆಯ ಆಚೆ ನೋಡಿದರು. "ಈಗ ಆ ಕಡೆ ಕಾಣುತ್ತೆ," ಎಂದರು.

ದರ್ಜಿಗೆ ಜೀವ ಬಂದಂತಾಯಿತು. "ಗುಡ್ಡ ಕಾಣುತ್ತಾ?"

"ಪಕ್ಕದ ಮನೆಯವರ ಕಸದ ತೊಟ್ಟಿ."

ಸ್ವಲ್ಪ ಹೊತ್ತು ಬಿಟ್ಟು ಅವನಿಗೆ ಹೊಳೆಯಿತು: ಹೆಂಡತಿ ಒಳಗಿದ್ದಾಳೆ. ಇಲ್ಲಿ ಬೇರೆ ಯಾರೂ ಇಲ್ಲ. ಅತ್ತೆ ಮಾತಾಡಿದ್ದು ತನ್ನ ಜೊತೆ.

"ನಿಂತೇ ಇರ್ತೀರಾ?" ಎಂದರು ಅತ್ತೆ. "ಆ ಕಡೆಯಿಂದ ಹತ್ತಿ ಕೂತ್ಕೊಳ್ಳಿ."

ದರ್ಜಿ ಬಳಸಿಕೊಂಡು ಹೋಗಿ ಖಾಲಿ ಸೀಟಿನಲ್ಲಿ ಮೆಲ್ಲಗೆ ಕೂತ. ಕೈ ಎಲ್ಲಿಡಬೇಕೆಂದು ತಿಳಿಯದೆ ಸ್ಟೀರಿಂಗಿನ ಮೇಲಿಟ್ಟ. ಅತ್ತೆ ಕಣ್ಣು ಮುಚ್ಚಿಕೊಂಡಿದ್ದರು. ದೂರದಲ್ಲಿ ಮತ್ತೊಂದು ಸಿಡಿಯಿತು.

"ಕಲ್ಲು ಬಂತಾ?" ಎಂದರು.

ದರ್ಜಿ ಎರಡೂ ಕೈಯಲ್ಲಿ ಸ್ಟೀರಿಂಗ್ ಹಿಡಿದ. "ಬಂತು, ಅತ್ತೆ."

ಅವರು ಕಣ್ಣು ಬಿಡಲಿಲ್ಲ. "ಸುಳ್ಳು ಹೇಳ್ಬೇಡಿ," ಎಂದರು. "ಈ ಟಯರಲ್ಲಿ ಅಲ್ಲೀವರೆಗೆ ಹೇಗ್ರೀ ಬರೋಕಾಗುತ್ತೆ?"