ಮೈಕಣ್ಣನ ಗಿಡುಗ

ಹೆಡ್ ನರ್ಸ್ ಆಗಿ ಬಡ್ತಿ ಸಿಕ್ಕ ಮೇಲೆ ಮೈಕಣ್ಣನ ಹೆಂಡತಿ ಮೊದಲ ಸಲ ಕೆಲಸಕ್ಕೆ ಹೊರಡಬೇಕಾದ ಬೆಳಿಗ್ಗೆಯೇ, ಬಾಲ್ಕನಿಯಲ್ಲಿ ಒಣಹಾಕಿದ್ದ ಹೊಸ ಬಿಳಿ ಕೋಟಿನ ಎದೆಗೆ ಪಾರಿವಾಳಗಳು ಹಿಕ್ಕೆ ಹಾಕಿ ಹೋಗಿದ್ದವು. ಅದೂ ಸಾಲಾಗಿ, ಸೇನಾಧಿಪತಿಯ ಪದಕಗಳ ಹಾಗೆ.

“ರೀ, ಸಾಯಂಕಾಲ ನಾನು ಬರೋಷ್ಟರಲ್ಲಿ ಇವು ತೊಲಗಿರ್ಬೇಕು. ಇಲ್ಲಾಂದ್ರೆ ನಾನು ಆಸ್ಪತ್ರೆ ಕ್ವಾರ್ಟರ್ಸ್‌ಗೆ ಹೋಗ್ತೀನಿ ಅಷ್ಟೆ!” ಎಂದವಳು ಹಳೆಯ ಕೋಟು ತೊಟ್ಟು, ಬಾಗಿಲು ಬಡಿದು ಹೋದಳು.

ಮೈಕಣ್ಣ ಬಾಲ್ಕನಿಗೆ ಬಂದು “ಹುಶ್” ಎಂದ. ಸಭೆ ಸಮಾರಂಭಗಳಿಗೆ ಮೈಕ್‌ಸೆಟ್ ಬಾಡಿಗೆಗೆ ಕೊಡುವುದು ಅವನ ಕಸುಬು. ಊರಿಗೆಲ್ಲ ದನಿ ಹಂಚುವವನ ಸ್ವಂತ ದನಿ ಮಾತ್ರ ಸೊಳ್ಳೆಯದಕ್ಕಿಂತ ಒಂದು ಗುಲಗಂಜಿ ಕಡಿಮೆ. ಪಾರಿವಾಳಗಳು ಕತ್ತು ಓರೆಮಾಡಿ, ಬಡ ನೆಂಟನನ್ನು ನೋಡುವಂತೆ ಅವನನ್ನು ನೋಡಿ, ಮತ್ತೆ ಗುಟುರು ಹಾಕತೊಡಗಿದವು.

ಮೇಲಿನ ಮನೆಯ ಮೇಷ್ಟ್ರು ತಮ್ಮ ಬಾಲ್ಕನಿಯ ಕಟಕಟೆಯಿಂದ ಬಗ್ಗಿ ನೋಡಿದರು. ಜೀವಶಾಸ್ತ್ರ ಪಾಠ ಮಾಡಿ ನಿವೃತ್ತರಾದವರು. ಕೇಳಲು ಒಂದು ಕಿವಿ ಸಿಕ್ಕರೆ ಸಾಕು, ತರಗತಿ ಶುರು.

“ಹುಶ್ ಅಂದ್ರೆ ಹೋಗಲ್ಲ ಕಣಪ್ಪ. ಯಾವ ಜೀವ ಆದ್ರೂ ಅಷ್ಟೇ. ಹೊಟ್ಟೆಗೆ ಸಿಗ್ತಿದ್ದು, ಕಚ್ಚೋರು ಯಾರೂ ಇಲ್ಲ ಅಂದ್ರೆ ಹೆಚ್ತಾನೇ ಹೋಗುತ್ತೆ. ಒಂದೋ ಕಾಳು ನಿಲ್ಸು, ಇಲ್ಲಾ ಶತ್ರು ತಂದಿಡು.”

ಕಾಳು ಹಾಕುತ್ತಿದ್ದವರು ಕೆಳಗಿನ ಮನೆಯ ಅಜ್ಜಿ. ಮೈಕಣ್ಣ ಹೋಗಿ, ಕೈ ಹೊಸೆಯುತ್ತ ಬೇಡಿಕೊಂಡ. ಅಜ್ಜಿ ಕಿವಿಯ ಹಿಂದೆ ಅಂಗೈ ಇಟ್ಟು, “ಏನೋ? ಇನ್ನಷ್ಟು ಹಾಕ್ಲಾ? ಆಯ್ತು ಮಗಾ, ನಿನ್ನದು ದೊಡ್ಡ ಮನಸ್ಸು,” ಎಂದು ಇನ್ನೊಂದು ಬೊಗಸೆ ಎರಚಿದರು.

ಉಳಿದದ್ದು ಶತ್ರು. ಗೋದಾಮಿನಿಂದ ತನ್ನ ಅತಿ ದೊಡ್ಡ ಬಾಯಿಯ ಸ್ಪೀಕರ್ ಹೊತ್ತು ತಂದು ಬಾಲ್ಕನಿಯ ಕಂಬಿಗೆ ಬಿಗಿದು, ಮೊದಲು ನಾಯಿ ಬೊಗಳುವ ಸದ್ದು ಹಾಕಿದ. ಪಾರಿವಾಳಗಳು ಕದಲಲಿಲ್ಲ, ನಾಲ್ಕೈದು ಸ್ಪೀಕರಿನ ಮೇಲೇ ಹತ್ತಿ ಕುಳಿತವು. ಆದರೆ ಬೀದಿಯ ಅಷ್ಟೂ ನಾಯಿಗಳು ಯಾರಪ್ಪ ಈ ಹೊಸಬ ಎಂದು ಗೇಟಿಗೆ ಬಂದು ಉತ್ತರ ಕೊಡತೊಡಗಿದವು. ತರಕಾರಿ ಚೀಲ ಹಿಡಿದು ಬರುತ್ತಿದ್ದ ಕಟ್ಟಡದ ಸೆಕ್ರೆಟರಿ ಕಾಂಪೌಂಡ್ ಗೋಡೆ ಹತ್ತಿ ನಿಂತರು.

“ರೀ ಮೈಕಣ್ಣ! ಇದನ್ನ ನಿಲ್ಲಿಸ್ತೀರೋ, ನೋಟೀಸ್ ಕೊಡ್ಲೋ?” ಎಂದು ಅಲ್ಲಿಂದಲೇ ಕೂಗಿದರು.

ಮೇಷ್ಟ್ರು ಹಣೆ ಚಚ್ಚಿಕೊಂಡರು. “ನಾಯಿ ಎಂದಾದ್ರೂ ಮೂರನೇ ಮಹಡಿಗೆ ಹಾರಿದ್ದುಂಟಾ? ಪಾರಿವಾಳಕ್ಕೆ ಯಮ ಅಂದ್ರೆ ಗಿಡುಗ. ತಗೋ, ನನ್ನ ಫೋನಲ್ಲಿ ಅದರ ಕೂಗಿದೆ.”

ಮೈಕಣ್ಣ ದನಿಯನ್ನು ಪೂರ್ತಿ ಏರಿಸಿ ಗುಂಡಿ ಒತ್ತಿದ. ಕೀ...ಈ...ಈ ಎಂಬ ಕೂಗು ಆಕಾಶವನ್ನು ಬಟ್ಟೆಯ ಹಾಗೆ ಹರಿದುಹಾಕಿತು. ಮರುಕ್ಷಣ ಇಡೀ ಕಟ್ಟಡದ ಪಾರಿವಾಳಗಳು, ಯಾರೋ ಹಾಸಿಗೆ ಕೊಡವಿದಂತೆ, ಒಟ್ಟಿಗೇ ಮೇಲೆದ್ದವು. ಒಂದೆರಡು ಸುತ್ತು ಹೊಡೆದವು. ಎತ್ತಲೋ ಮಾಯವಾದವು.

ಆಮೇಲೆ ಚಪ್ಪಾಳೆ! ವರ್ಷಗಟ್ಟಲೆ ಮುಚ್ಚಿದ್ದ ಬಾಲ್ಕನಿ ಬಾಗಿಲುಗಳು ಕಿರ್‍ರೆಂದು ತೆರೆದುಕೊಂಡವು. ಜನ ಕುರ್ಚಿ ತಂದು ಹಾಕಿಕೊಂಡರು. ಹಾಸಿಗೆ, ಹೊದಿಕೆ, ಬಾಣಂತಿಯ ಮನೆಯ ಪುಟಾಣಿ ಅಂಗಿಗಳು ಬಿಸಿಲಿಗೆ ಬಂದವು. ಸೆಕ್ರೆಟರಿ ಅದೇ ಚೀಲದಿಂದ ಒಂದು ಹೂಕೋಸು ತೆಗೆದು ಮೈಕಣ್ಣನ ಕೈಗಿಟ್ಟು, “ನೀವು ನಮ್ಮ ಕಟ್ಟಡದ ಹುಲಿ ಕಣ್ರೀ!” ಎಂದರು. ಮೈಕಣ್ಣನ ಎದೆ ಸ್ಪೀಕರಿನ ಬಾಯಿಯಷ್ಟು ಅಗಲವಾಯಿತು. ಕೂಗು ನಿಲ್ಲಿಸಬಾರದೆಂದು ಎಲ್ಲರೂ ಹಟ ಹಿಡಿದರು.

ಮಧ್ಯಾಹ್ನದ ಹೊತ್ತಿಗೆ ನಿಜವಾದ ಗಿಡುಗವೇ ಬಂದುಬಿಟ್ಟಿತು.

ಆಕಾಶದಿಂದ ಕಲ್ಲಿನಂತೆ ಬಿದ್ದು ಸ್ಪೀಕರಿಗೆ ಧಡಾರನೆ ಒದೆಯಿತು. ಕೂಗು ನಿಲ್ಲಿಸಲು ಕೈಚಾಚಿದ ಮೈಕಣ್ಣನ ತಲೆಯ ಮೇಲೂ ಒಂದು ಬೀಸಿತು. ಅವನು ಹೂಕೋಸನ್ನು ಕಿರೀಟದಂತೆ ತಲೆಗಿಟ್ಟುಕೊಂಡು, ತೆವಳುತ್ತ ಹೋಗಿ ತಂತಿ ಕಿತ್ತ.

ಮೇಷ್ಟ್ರು ಮೇಲಿನಿಂದ ಕುಣಿದಾಡಿದರು. “ಭಲೇ! ‘ಇದು ನನ್ನ ಜಾಗ’ ಅಂತ ನಿನ್ನ ಸ್ಪೀಕರ್ ಬೆಳಗಿಂದ ಕೂಗ್ತಿದೆಯಲ್ಲ, ಅದಕ್ಕೆ ಜಗಳಕ್ಕೆ ಬಂದಿದೆ. ಇಷ್ಟು ಜಾಗದಲ್ಲಿ ಸಿಗೋ ಊಟ ಒಂದು ಜೋಡಿಗೆ ಮಾತ್ರ ಸಾಕು. ಇನ್ನೊಂದನ್ನ ಇರೋಕೆ ಬಿಡುತ್ತಾ? ಈಗ ನಿನ್ನ ಸ್ಪೀಕರ್ ಬಾಯಿ ಮುಚ್ತಲ್ಲ, ಗೆದ್ದೆ ಅಂದ್ಕೊಂಡಿದೆ. ಇನ್ನು ಅದು ಇಲ್ಲೇ!”

ಗಿಡುಗ ಸ್ಪೀಕರಿನ ಮೇಲೆ ಕುಳಿತು, ಮನೆ ಕೊಂಡವನ ಠೀವಿಯಿಂದ ಸುತ್ತ ನೋಡಿತು. ಜನರ ಸಂಭ್ರಮಕ್ಕೆ ಮಿತಿಯೇ ಉಳಿಯಲಿಲ್ಲ. ಕರೆಂಟ್ ಖರ್ಚಿಲ್ಲದ ಕಾವಲುಗಾರ! ತನ್ನ ಬಾಲ್ಕನಿಗೆ ತಾನೇ ಕಾಲಿಡುವಂತಿಲ್ಲ ಎಂಬುದು ಮೈಕಣ್ಣನಿಗೆ ಹೊಳೆಯಿತಾದರೂ, ಗೆದ್ದ ದಿನ ಅಂಥದ್ದನ್ನೆಲ್ಲ ಯಾರು ಲೆಕ್ಕಕ್ಕಿಡುತ್ತಾರೆ?

ಸಂಜೆ ಹೆಂಡತಿ ಬಂದಾಗ ಮೆಟ್ಟಿಲುದ್ದಕ್ಕೂ ಜನ ನಿಂತಿದ್ದರು. “ನಿಮ್ಮ ಯಜಮಾನ್ರ ಥರ ಇನ್ನೊಬ್ರಿಲ್ಲ ಬಿಡಮ್ಮ!” ಮೂರು ಮಹಡಿ ಹತ್ತುವಷ್ಟರಲ್ಲಿ ಅವಳ ಮುಖದ ಗಂಟು ಒಂದೊಂದಾಗಿ ಬಿಚ್ಚಿಕೊಂಡು, ಬಾಗಿಲಲ್ಲಿ ನಿಂತ ಗಂಡನನ್ನು ಕಂಡಾಗ ನಗುವೇ ಬಂತು. “ಅಂತೂ ಗೆದ್ರಿ ಕಣ್ರೀ,” ಎಂದವಳು ಬಟ್ಟೆ ಬದಲಿಸಲು ಮಲಗುವ ಕೋಣೆಯ ಬಾಗಿಲು ತೆರೆದಳು. ಹಾಗೇ ನಿಂತಳು.

ಮಂಚದ ಮೇಲೆ ಪಾರಿವಾಳ. ಬೀರುವಿನ ಮೇಲೆ, ದಿಂಬಿನ ಮೇಲೆ, ಫ್ಯಾನಿನ ರೆಕ್ಕೆಗಳ ಮೇಲೆ ಪಾರಿವಾಳ. ಹಿಕ್ಕೆಯಿಲ್ಲದ ಜಾಗ ಬೆರಳಿಡಲೂ ಇರಲಿಲ್ಲ. ಸ್ಪೀಕರಿನ ತಂತಿ ಎಳೆಯಲೆಂದು ಮೈಕಣ್ಣ ಬೆಳಿಗ್ಗೆ ಬಲೆ ಬಿಚ್ಚಿ ತೆರೆದ ಈ ಕೋಣೆಯ ಕಿಟಕಿಯೊಂದನ್ನು ಬಿಟ್ಟರೆ, ಇಡೀ ಕಟ್ಟಡದಲ್ಲಿ ಬಲೆ ಹೊಡೆಯದ ಕಿಟಕಿಯೇ ಇರಲಿಲ್ಲ.

ಗಿಡುಗವನ್ನು ಹತ್ತಿರದಿಂದ ನೋಡಲು ಇಳಿದು ಬಂದಿದ್ದ ಮೇಷ್ಟ್ರು ಇಣುಕಿ ಪುಳಕಿತರಾದರು. “ಶತ್ರು ಬಂದ ಮಾತ್ರಕ್ಕೆ ಪೂರ್ತಿ ನಾಶ ಆಗಲ್ಲ ಅನ್ನೋದು ಇದಕ್ಕೇ! ಅವನ ಕೈಗೆ ಸಿಗದ ಒಂದು ಮೂಲೆ ಇದ್ದೇ ಇರುತ್ತೆ!”

ಮೈಕಣ್ಣ ಓಡಿಸಲೆಂದು ಕಿಟಕಿಯತ್ತ ನಡೆದ. ಹೊರಗಿನಿಂದ ಗಿಡುಗ ಕೀ ಎಂದಿತು. ಪಾರಿವಾಳಗಳೆಲ್ಲ ಒಂದಕ್ಕೊಂದು ಒತ್ತಿಕೊಂಡವು. ಎರಡು ಬಂದು ಅವನ ಹೆಗಲೇರಿದವು. ಕೆಳಗೆ ಅಂಗಳದಲ್ಲಿ ಸೆಕ್ರೆಟರಿಯ ದನಿ ಮೊಳಗಿತು: “ಇಡೀ ಕಟ್ಟಡದಲ್ಲಿ ಒಂದೇ ಒಂದು ಪಾರಿವಾಳ ಇಲ್ಲ! ಮೈಕಣ್ಣನಿಗೆ...” “ಜೈ!” ಎಂದಿತು ಗುಂಪು.

ಹೆಡ್ ನರ್ಸ್ ಬ್ಯಾಗನ್ನು ಮತ್ತೆ ಹೆಗಲಿಗೇರಿಸಿ, ಕೋಣೆಯನ್ನು ಒಂದು ತುದಿಯಿಂದ ಇನ್ನೊಂದು ತುದಿಗೆ ನಿಧಾನವಾಗಿ ನೋಡಿದಳು.

“ರೀ, ಇಷ್ಟೊಂದು ಜನಕ್ಕೆ ಅಡ್ಮಿಷನ್ ಕೊಟ್ಟೋರು ಯಾರು?”